ಒತ್ತಿದರೆ ಮೂಡುವ ಅಕ್ಷರ

ಸಹಿಯ ಕೆಳಗೆ ನೇರಳೆ ಬಣ್ಣದ ಸೀಲು ಬಿದ್ದ ಮೇಲೇ ಕಾಗದಕ್ಕೊಂದು ತೂಕ. ಈ ರಬ್ಬರ್ ಸ್ಟ್ಯಾಂಪು ನನಗೆ ಬಲು ಇಷ್ಟದ ವಸ್ತು. ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಗಟ್ಟಿಗೊಳಿಸುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಈ ಸ್ಟ್ಯಾಂಪು ಹುಟ್ಟಿದ್ದು ಆ ವಿದ್ಯೆಯಿಂದಲೇ.

ಹಳೆಯ ಕ್ರಮದಲ್ಲಿ ಅಚ್ಚುಮೊಳೆ ಜೋಡಿಸಿ, ಅಚ್ಚು ತೆಗೆದು, ರಬ್ಬರನ್ನು ಬಿಸಿಯಲ್ಲಿ ಅದುಮುತ್ತಿದ್ದರು. ಕನ್ನಡಕ್ಕೆ ಇಲ್ಲಿ ಹೆಚ್ಚು ನಾಜೂಕು ಬೇಕು. ‘ಅಧ್ಯಕ್ಷ’ದ ಯ ಒತ್ತಿಗೆ ಸಾಲಿನ ಕೆಳಗೆ ಜಾಗ ಬಿಡದಿದ್ದರೆ ಶಾಯಿ ತುಂಬಿ ಅದು ಬರೀ ಚುಕ್ಕೆಯಾಗುತ್ತದೆ. ಒಳ್ಳೆಯ ಸೀಲಿನಲ್ಲಿ ಅರ್ಕಾವತ್ತೂ ಬಿಡಿಯಾಗಿ ಓದಿಸಿಕೊಳ್ಳುತ್ತದೆ. ಪ್ಯಾಡಿನ ಶಾಯಿಯಲ್ಲಿ ಗ್ಲಿಸರಿನ್‌ನಂಥ ದ್ರವ ಇರುವುದರಿಂದ ಅದು ಬೇಗ ಒಣಗದು, ಕಾಗದ ಮಾತ್ರ ಥಟ್ಟನೆ ಹೀರಿಕೊಳ್ಳುತ್ತದೆ. ತಾರೀಖಿನ ಸೀಲಿನ ಪುಟ್ಟ ಚಕ್ರಗಳನ್ನು ಬೆಳಿಗ್ಗೆ ತಿರುಗಿಸುವುದೂ ಒಂದು ಸುಖವೇ.

ಕರಕುಶಲದ ಮನಸ್ಸಿನವರಿಗೆ ಸೀಲು ಮಾಡಿಕೊಳ್ಳಲು ಪೆನ್ಸಿಲ್ ಅಳಿಸುವ ರಬ್ಬರೇ ಸಾಕು. ಮಾವಿನಕಾಯಿ ಚಿತ್ರ ಬರೆದು, ಸುತ್ತಲಿನದನ್ನು ಬ್ಲೇಡಿನಿಂದ ಕೆತ್ತಿ ತೆಗೆದರೆ ಆಮಂತ್ರಣದ ಲಕೋಟೆಗೆ ಅಂಚು ಸಿದ್ಧ. ಅಕ್ಷರವಾದರೆ ತಿರುಗುಮುರುಗಾಗಿ ಕೆತ್ತಬೇಕು. ಅದುಮುವಾಗ ಅಲುಗಾಡಿಸದೆ ನೇರವಾಗಿ ಎತ್ತಬೇಕು. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿಡಿ. ಎಣ್ಣೆ ತಾಗಿಸಬೇಡಿ, ರಬ್ಬರು ಉಬ್ಬಿಕೊಳ್ಳುತ್ತದೆ.