ಗುಂಪಿಗೊಂದು ಮಾತು, ಶಿಷ್ಯರಿಗೊಂದು ಮಾತು

ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯವನ್ನು ತೆರೆದವರು ಸಾಮಾನ್ಯವಾಗಿ ಅದರ ಮೊದಲ ವಾಕ್ಯವನ್ನು ಲಕ್ಷಿಸದೆ ನೇರವಾಗಿ ಧನ್ಯವಚನಗಳಿಗೆ ಹೋಗಿಬಿಡುತ್ತಾರೆ. ಆ ವಾಕ್ಯದ ಸನ್ನಿವೇಶವಾದರೋ ಕ್ರೈಸ್ತ ಪ್ರಸಂಗಕಲೆಯ ಅತ್ಯಂತ ಜಟಿಲವಾದ ಪ್ರಶ್ನೆಯೊಂದನ್ನು ಗರ್ಭೀಕರಿಸಿಕೊಂಡಿದೆ. ಗಲಿಲಾಯ, ದೆಕಪೊಲಿ, ಯೆರೂಸಲೇಮ್, ಯೂದಾಯಗಳಿಂದ ಹಿಂಬಾಲಿಸಿ ಬಂದ ಜನರ ಗುಂಪುಗಳನ್ನು ಕಂಡು ಯೇಸು ಬೆಟ್ಟವನ್ನೇರಿ ಕುಳಿತುಕೊಳ್ಳುತ್ತಾನೆ. ಆತನ ಬಳಿಗೆ ಬರುವವರು ಶಿಷ್ಯರು. ಉಪದೇಶವು ಆರಂಭವಾಗುವುದು ಅವರಿಗೆ. ಆದರೆ ಮೂರು ಅಧ್ಯಾಯಗಳ ತರುವಾಯ ಪ್ರಸಂಗವು ಮುಗಿದಾಗ ಆ ಅಧಿಕಾರವಾಣಿಗೆ ಬೆರಗಾಗಿ ನಿಂತವರು ಜನಸಮೂಹದವರೇ ಎಂದು ಅದೇ ಸುವಾರ್ತಿಕನು ಬರೆಯುತ್ತಾನೆ. ಹಾಗಾದರೆ ಆ ಮಾತು ಯಾರನ್ನು ಕುರಿತದ್ದು?

ಇಂದಿನ ನಮ್ಮ ಪ್ರಸಂಗಪೀಠಗಳು ಈ ಪ್ರಶ್ನೆಗೆ ಸುಲಭವಾದ ಉತ್ತರವೊಂದನ್ನು ಕಂಡುಕೊಂಡಿವೆ. ಬಯಲಿನಲ್ಲಿ ಚಪ್ಪರ ಹಾಕಿ ನಡೆಯಿಸುವ ಸುವಾರ್ತಾಕೂಟಗಳಲ್ಲಿ, ಅನ್ಯಮತೀಯರಾದ ನೆಂಟರೂ ನೆರೆಹೊರೆಯವರೂ ಬಂದು ಕೂರುವ ಕ್ರಿಸ್ಮಸ್ ರಾತ್ರಿಯಲ್ಲಿ, ಮದುವೆಯಲ್ಲಿ, ಮರಣದ ಆರಾಧನೆಯಲ್ಲಿ ಸಮಾಧಾನ, ಆಶೀರ್ವಾದ, ರೋಗಪರಿಹಾರಗಳ ವಾಗ್ದಾನ. ಶಿಷ್ಯತ್ವದ ಕಠಿನವಾದ ಮಾತುಗಳೇನಿದ್ದರೂ ದೀಕ್ಷಾಸ್ನಾನ ಹೊಂದಿದವರ ಸತ್ಯವೇದ ಅಧ್ಯಯನಕ್ಕೆ, ಅದೂ ವಾರದ ಸಂಜೆ ಬರುವ ಬೆರಳೆಣಿಕೆಯ ಮಂದಿಗೆ. ಈ ಹಂಚಿಕೆಯನ್ನು ಮಾಡಿದವರು ಅದನ್ನು ಲೋಕಾನುಭವವೆಂದು ಕರೆಯಬಹುದು. ಆದರೆ ಸುವಾರ್ತೆಗಳನ್ನು ಒಂದಿಷ್ಟು ನಿಧಾನವಾಗಿ ಓದಿದರೆ ಅಲ್ಲಿಯ ಕ್ರಮವು ಇದಕ್ಕೆ ಬಹುಮಟ್ಟಿಗೆ ವಿಪರೀತವಾದದ್ದೆಂದು ಕಾಣುತ್ತದೆ.

ಲೂಕನು ತನ್ನ ಹದಿನಾಲ್ಕನೆಯ ಅಧ್ಯಾಯದಲ್ಲಿ ಬಹುಜನರ ಗುಂಪು ಯೇಸುವಿನ ಸಂಗಡ ನಡೆಯುತ್ತಿತ್ತೆಂದೂ ಆತನು ಅವರ ಕಡೆಗೆ ತಿರುಗಿಕೊಂಡು ಮಾತಾಡಿದನೆಂದೂ ಹೇಳುತ್ತಾನೆ. ಹಾಗೆ ತಿರುಗಿ ಆಡಿದ ಮಾತಾದರೂ ಎಂಥದು! ತಂದೆತಾಯಿಗಳ ಮೇಲಿನ ಮಮತೆಗಿಂತಲೂ ತನ್ನ ಪ್ರಾಣಕ್ಕಿಂತಲೂ ಈ ಮಾರ್ಗವನ್ನು ಮೇಲೆಂದು ಎಣಿಸದವನು, ಶಿಲುಬೆಯನ್ನು ಹೊರದವನು ಶಿಷ್ಯನಾಗಲಾರನೆಂಬ ಮಾತು. ಬುರುಜು ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚನ್ನು ಲೆಕ್ಕಹಾಕಬೇಕು, ಯುದ್ಧಕ್ಕೆ ಹೊರಟ ಅರಸನು ತನ್ನ ಹತ್ತುಸಾವಿರವು ಇದಿರಿನ ಇಪ್ಪತ್ತುಸಾವಿರಕ್ಕೆ ಸಾಟಿಯೇ ಎಂದು ಆಲೋಚಿಸಬೇಕು ಎಂಬ ದೃಷ್ಟಾಂತಗಳು. ಇವು ಆಯ್ದ ಹನ್ನೆರಡು ಮಂದಿಗೆ ಗುಟ್ಟಾಗಿ ಉಸುರಿದವಲ್ಲ, ದಾರಿಯಲ್ಲಿ ಜೊತೆಗೂಡಿದ ಜನಜಂಗುಳಿಗೆ ಆಡಿದವು. ಯೋಹಾನನ ಆರನೆಯ ಅಧ್ಯಾಯದಲ್ಲಿಯೂ ಹೀಗೆಯೇ: ಐದು ರೊಟ್ಟಿ ಎರಡು ಮೀನುಗಳಿಂದ ಐದುಸಾವಿರ ಜನರು ತೃಪ್ತರಾದ ಮೇಲೆ ಅವರಿಗೆ ದೊರೆತದ್ದು ನುಂಗಲಾರದಂಥ ಉಪದೇಶ, ಅದನ್ನು ಕೇಳಿ ಅನೇಕರು ಹಿಂದಿರುಗಿ ಹೋದರು, ನೀವೂ ಹೋಗಬೇಕೆಂದಿದ್ದೀರಾ ಎಂಬ ಪ್ರಶ್ನೆಯನ್ನು ಮಾತ್ರ ಆಪ್ತರಿಗೆ ಕೇಳಲಾಯಿತು. ಇದಕ್ಕೆ ಪ್ರತಿಯಾಗಿ, ಕಳವಳಪಡದಿರಿ ಎಂಬ ಅರ್ಥದ ಆ ದೀರ್ಘವಾದ ಸಾಂತ್ವನವು ನಡೆದದ್ದು ಮೇಲಂತಸ್ತಿನ ಕೋಣೆಯಲ್ಲಿ, ಯೂದನು ಎದ್ದುಹೋದ ಬಳಿಕ ಉಳಿದವರ ಮುಂದೆ. ಗುಂಪಿಗೆ ಕರುಣೆಯೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಕುರುಬನಿಲ್ಲದ ಮಂದೆಯಂತೆ ಅವರನ್ನು ಕಂಡು ಮರುಗಿದ ಹೃದಯವದು. ಹೊರೆಹೊತ್ತವರೆಲ್ಲರನ್ನೂ ಕರೆದ ಕಂಠವದು. ರೋಗಿಗಳಿಗೆ ಸ್ವಸ್ಥತೆಯನ್ನೂ ಹಸಿದವರಿಗೆ ಅನ್ನವನ್ನೂ ಆತನು ಯಾವ ಕರಾರೂ ಇಲ್ಲದೆ ಕೊಟ್ಟನು. ಕೈಯಿಂದ ಕೊಟ್ಟದ್ದೆಲ್ಲ ಧಾರಾಳ. ಬಾಯಿಂದ ಆಡಿದ್ದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ನಾವು ಇದನ್ನು ತಲೆಕೆಳಗು ಮಾಡಿ, ಕೈಯನ್ನು ಬಿಗಿಹಿಡಿದು ಬಾಯನ್ನು ಸಡಿಲಬಿಟ್ಟಿದ್ದೇವೆ.

ಹಳೆಯ ಸಭೆಯು ಈ ವಿವೇಕವನ್ನು ತನ್ನ ಆರಾಧನಾಕ್ರಮದಲ್ಲಿಯೇ ಕಾಪಾಡಿಕೊಂಡಿತ್ತು. ನಾಲ್ಕನೆಯ ಶತಮಾನದ ಸಭೆಗಳಲ್ಲಿ ದೀಕ್ಷಾಸ್ನಾನವಿಲ್ಲದವರನ್ನು ಕರ್ತನ ಭೋಜನಕ್ಕೆ ಮೊದಲು ಹೊರಗೆ ಕಳುಹಿಸುತ್ತಿದ್ದರು. ಪ್ರಸಂಗವು ನಡೆಯುತ್ತಿದ್ದುದಾದರೋ ಅದಕ್ಕೂ ಮುಂಚೆ. ಎಂದರೆ, ಭೋಜನವು ಕೆಲವರದು, ಮಾತು ಎಲ್ಲರದು. ಅಂತಿಯೋಕ್ಯದಲ್ಲಿ 386ರಲ್ಲಿ ಯಾಜಕಪದವಿಗೆ ಬಂದ ಯೋಹಾನ ಕ್ರಿಸೊಸ್ತೊಮನಿಗೆ ಇಂಥ ಮಿಶ್ರಸಭೆಯ ಮುಂದೆ ತನ್ನ ವಿದ್ಯೆಯನ್ನು ಪರೀಕ್ಷಿಸಿಕೊಳ್ಳುವ ಪ್ರಸಂಗವು ಮರುವರ್ಷವೇ ಒದಗಿತು. ಹೊಸ ತೆರಿಗೆಯಿಂದ ಕೆರಳಿದ ಜನರು ಚಕ್ರವರ್ತಿ ಥಿಯೊಡೋಸಿಯಸನ ಮತ್ತು ಅವನ ಮನೆಯವರ ಪ್ರತಿಮೆಗಳನ್ನು ಉರುಳಿಸಿ ಬೀದಿಯಲ್ಲಿ ಎಳೆದರು. ಆಮೇಲೆ ಊರನ್ನೇ ಮರಣಭಯವು ಕವಿಯಿತು. ನಾಟಕಶಾಲೆ, ಕುದುರೆಪಂದ್ಯದ ಬಯಲು, ಸ್ನಾನಗೃಹ ಎಲ್ಲವೂ ಮುಚ್ಚಿದವು. ವೃದ್ಧನಾದ ಬಿಷಪ್ ಫ್ಲೇವಿಯನ್ ಕ್ಷಮೆ ಬೇಡುವುದಕ್ಕಾಗಿ ರಾಜಧಾನಿಗೆ ಹೊರಟನು. ದೇವಾಲಯಕ್ಕೆ ಎಂದೂ ಬಾರದವರು ಕೂಡ ಅಲ್ಲಿಗೆ ಬಂದು ತುಂಬಿಕೊಂಡರು. ಆ ತಪಸ್ಸುಕಾಲದಲ್ಲಿ ಕ್ರಿಸೊಸ್ತೊಮನು ಮಾಡಿದ, ಪ್ರತಿಮೆಗಳ ಪ್ರಸಂಗಗಳೆಂದು ಹೆಸರಾದ ಇಪ್ಪತ್ತೊಂದರ ಮಾಲಿಕೆಯನ್ನು ಓದುವವರಿಗೆ ವಿಚಿತ್ರವಾಗಿ ತೋರುವ ಸಂಗತಿಯೊಂದಿದೆ. ಅವನು ಜನರನ್ನು ಸಂತೈಸುತ್ತಾನೆ, ಅಳುತ್ತಾನೆ, ಯೋಬನ ಕಥೆಯನ್ನು ಹೇಳುತ್ತಾನೆ. ಆದರೆ ಪ್ರಸಂಗದ ಕೊನೆಗೆ ಮತ್ತೆ ಮತ್ತೆ ಮರಳುವುದು ಆಣೆಯಿಡುವ ದುರಭ್ಯಾಸವನ್ನು ಬಿಡಿರಿ ಎಂಬ, ಬೆಟ್ಟದ ಪ್ರಸಂಗದಲ್ಲಿಯೇ ಇರುವ, ಮೇಲುನೋಟಕ್ಕೆ ಅಪ್ರಸ್ತುತವಾದ ಆಜ್ಞೆಗೆ. ತಲೆಯ ಮೇಲೆ ಕತ್ತಿ ತೂಗುತ್ತಿರುವಾಗ ನಾಲಗೆಯ ಚಟದ ಮಾತೇಕೆ ಎಂದು ಕೇಳುಗರು ಬೇಸರಪಟ್ಟರೂ ಅವನು ಬಿಡಲಿಲ್ಲ. ಇದು ಅವನ ಹಟವೆಂದು ನಾನು ಭಾವಿಸುವುದಿಲ್ಲ. ಭಯದಿಂದ ಓಡಿಬಂದವನಿಗೆ ಅಭಯವನ್ನು ಮಾತ್ರ ಕೊಟ್ಟರೆ ಭಯವು ಹೋದ ಮರುದಿನ ಅವನೂ ಹೋಗುತ್ತಾನೆ. ಸಣ್ಣದಾದರೂ ಒಂದು ಆಜ್ಞೆಯನ್ನು ಕೈಗೆ ಕೊಟ್ಟರೆ ಅವನು ಆ ಕ್ಷಣದಿಂದಲೇ ಅಭ್ಯಾಸಿಯಾಗುತ್ತಾನೆ. ಚಿರಕಾಲದ ವಿಶ್ವಾಸಿಗೂ ನಿನ್ನೆ ಬಂದವನಿಗೂ ಒಂದೇ ಆಜ್ಞೆಯನ್ನು ವಿಧಿಸಿದ ಈ ಉಪಾಯಕ್ಕೆ ಸಮನಾದದ್ದು ಪ್ರಸಂಗಗಳ ಇತಿಹಾಸದಲ್ಲಿ ವಿರಳ. ಕ್ಷಮೆ ದೊರೆಯಿತು. ಗುಂಪು ಕುದುರೆಪಂದ್ಯಕ್ಕೆ ಮರಳಿತೆಂಬುದೂ ನಿಜ; ಪ್ರಸಂಗವನ್ನು ಕೇಳಿ ಚಪ್ಪಾಳೆ ತಟ್ಟಿ, ಪ್ರಭುಭೋಜನಕ್ಕೆ ಮೊದಲೇ ಎದ್ದುಹೋಗುವವರನ್ನು ಅವನು ಅನೇಕ ಸಲ ಗದರಿಸಬೇಕಾಯಿತು.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ ಕಂಡುಕೊಂಡ ದಾರಿ ಬೇರೆ. ಕಿಂಗ್ಸ್‌ವುಡ್‌ನ ಗಣಿಕೆಲಸಗಾರರಿಗೆ ಬಯಲಿನಲ್ಲಿ ಪ್ರಸಂಗ ಮಾಡಿದ ಜಾರ್ಜ್ ವಿಟ್‌ಫೀಲ್ಡ್‌ನ ಮೇಲ್ಪಂಕ್ತಿಯನ್ನು ಅನುಸರಿಸಿ, ಬಹಳ ಸಂಕೋಚದಿಂದಲೇ, 1739ರ ಏಪ್ರಿಲ್ 2ರಂದು ಬ್ರಿಸ್ಟಲ್ ನಗರದ ಹೊರಗೆ ಅವನು ಸುಮಾರು ಮೂರುಸಾವಿರ ಜನರಿಗೆ ಉಪದೇಶಿಸಿದನು. ಕಂಠಬಲದಲ್ಲಿ ವಿಟ್‌ಫೀಲ್ಡ್‌ನಿಗೆ ಎಣೆಯಿರಲಿಲ್ಲ. ಫಿಲಡೆಲ್ಫಿಯದಲ್ಲಿ ಅವನನ್ನು ಕೇಳಿದ ಬೆಂಜಮಿನ್ ಫ್ರಾಂಕ್ಲಿನ್ನನು ಬೀದಿಯಲ್ಲಿ ಹಿಂದೆ ಸರಿಯುತ್ತ ಧ್ವನಿಯು ಕೇಳಿಸುವ ದೂರವನ್ನು ಅಳೆದು, ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಅದನ್ನು ಕೇಳಬಹುದೆಂದು ಲೆಕ್ಕಹಾಕಿದ್ದನಂತೆ. ವೆಸ್ಲಿಯ ಬಲವಿದ್ದದ್ದು ಪ್ರಸಂಗವು ಮುಗಿದ ಮೇಲಿನ ಕೆಲಸದಲ್ಲಿ. ಬ್ರಿಸ್ಟಲಿನ ಕೂಟಮಂದಿರದ ಸಾಲ ತೀರಿಸಲು 1742ರಲ್ಲಿ ಹನ್ನೆರಡು ಹನ್ನೆರಡು ಮಂದಿಯನ್ನು ಒಬ್ಬ ಮುಖಂಡನಿಗೆ ಒಪ್ಪಿಸಿ ವಾರಕ್ಕೊಂದು ಪೆನ್ನಿಯಂತೆ ಎತ್ತುವ ಏರ್ಪಾಡು ಆಯಿತು. ಆ ವಸೂಲಿಯೇ ಕ್ರಮೇಣ ಒಬ್ಬೊಬ್ಬರ ನಡೆನುಡಿಯನ್ನು ವಿಚಾರಿಸುವ ಆತ್ಮಪರೀಕ್ಷೆಯ ಕೂಟವಾಗಿ ಮಾರ್ಪಟ್ಟಿತು. ಮರುವರ್ಷ ಅವನು ಪ್ರಕಟಿಸಿದ ನಿಯಮಗಳಲ್ಲಿ ಒಳಗೆ ಬರುವುದಕ್ಕೆ ಬೇಕಾದದ್ದು ರಕ್ಷಣೆಯ ಹಂಬಲವೊಂದೇ. ಒಳಗೆ ಉಳಿಯುವುದಕ್ಕೆ ಮಾತ್ರ ಬದುಕಿನಲ್ಲಿ ಅದರ ಫಲ ಕಾಣಬೇಕು.

ಇದು ಅದ್ಭುತವಾದ ಸಂಘಟನೆಯೆಂಬುದನ್ನು ಅಲ್ಲಗಳೆಯುವವರಾರು? ಆದರೂ ಇದರಲ್ಲಿ ಒಂದು ಅಪಾಯದ ಬೀಜವಿತ್ತು. ಬಯಲು ಗುಂಪಿಗೆ, ಕೋಣೆಯು ವಿಶ್ವಾಸಿಗೆ ಎಂಬ ವಿಭಾಗವು ಸ್ಥಿರವಾದೊಡನೆ, ಬಯಲಿನ ಮಾತು ಬರಿಯ ಆಹ್ವಾನವಾಗಿ ಉಳಿಯುವ ಸಂಭವವುಂಟು. ವೆಸ್ಲಿ ತಾನು ಅದಕ್ಕೆ ಎಡೆಗೊಡಲಿಲ್ಲ: 1746ರಿಂದ ಅಚ್ಚಾಗತೊಡಗಿದ ಅವನ ಪ್ರಸಂಗಸಂಪುಟಗಳಲ್ಲಿ ಬೆಟ್ಟದ ಪ್ರಸಂಗವೊಂದಕ್ಕೇ ಹದಿಮೂರು ಉಪನ್ಯಾಸಗಳಿವೆ, ಮತ್ತು ಅವುಗಳಲ್ಲಿ ಮೊದಲನೆಯದರ ಆರಂಭದಲ್ಲಿಯೇ ಅವನು, ಈ ಬೋಧನೆಯು ಅಪೊಸ್ತಲರಿಗೆ ಮಾತ್ರ ಮೀಸಲೆಂಬ ವಾದವನ್ನು ತಳ್ಳಿಹಾಕಿ, ಇದು ಸಮಸ್ತ ಮಾನವರಿಗೂ ಸಲ್ಲತಕ್ಕದ್ದೆಂದು ಸ್ಥಾಪಿಸುತ್ತಾನೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುಂದೆ 1744ರಲ್ಲಿ ಅವನು ಎತ್ತಿದ ಪ್ರಶ್ನೆ ಈ ಪಟ್ಟಣವು ಕ್ರೈಸ್ತವೇ ಎಂಬುದು. ಅಲ್ಲಿಂದ ಅವನಿಗೆ ಮತ್ತೆ ಕರೆ ಬರಲಿಲ್ಲ. ವಿಶ್ವಾಸಿಗಳೆಂದು ತಮ್ಮನ್ನು ಬಗೆದುಕೊಂಡವರನ್ನು ಗುಂಪಿನಂತೆಯೂ, ಗುಂಪನ್ನು ಶಿಷ್ಯರಾಗಬಲ್ಲವರಂತೆಯೂ ಕಾಣುವ ಈ ದಿಟ್ಟತನವು ಅನುಯಾಯಿಗಳಿಗೆ ಸುಲಭವಾಗಿ ಬರುವಂಥದಲ್ಲ. ಅವರಿಗೆ ಉಳಿದದ್ದು ಬಯಲು, ಚಪ್ಪರ, ಮುಂದೆ ಬಂದು ನಿಲ್ಲಿರೆಂಬ ಕರೆ.

ನಮ್ಮ ನಾಡಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ನಿಂತು ಮಾತಾಡಿದರು. ಎದುರು ಮಾತಾಡುವ ಹಕ್ಕುಳ್ಳ ಗುಂಪು ಅದು. ಅಲ್ಲಿ ಮಾತಿಗೆ ಉತ್ತರವೂ ನಗೆಯೂ ಒಮ್ಮೊಮ್ಮೆ ಬೈಗಳೂ ಒದಗುತ್ತಿದ್ದವು. ಜಾತ್ರೆಯ ಉಪದೇಶದಲ್ಲಿ ಪರಮತವನ್ನು ಹಳಿಯುವ ದೋಷವು ಬಹಳವಾಗಿತ್ತು, ಅದನ್ನು ಸಮರ್ಥಿಸಬೇಕಾಗಿಲ್ಲ. ಆದರೆ ಕೇಳುಗನಿಗೆ ಬುದ್ಧಿಯಿದೆ, ಅವನು ಎದುರಾಡಬಲ್ಲನು ಎಂಬ ಎಚ್ಚರವು ಅದರಲ್ಲಿತ್ತು. ಅದೇ ಮಿಷನ್ನಿನ ಕಿಟ್ಟೆಲ್ ಮಹಾಶಯರು 1862ರಲ್ಲಿ ಕ್ರಿಸ್ತಚರಿತೆಯನ್ನು ಕನ್ನಡ ಛಂದಸ್ಸುಗಳಲ್ಲಿ ಕಟ್ಟಿ ಪ್ರಕಟಿಸಿದ ಕಥಾಮಾಲೆಯು, ಅದರ ಕಾವ್ಯಗುಣವು ಏನೇ ಇರಲಿ, ಒಳಗಿನವನೂ ಹೊರಗಿನವನೂ ಒಂದೇ ಹಾಡನ್ನು ಕೇಳಬಹುದೆಂಬ ನಂಬಿಕೆಯ ಫಲ. ಈಗಿನ ಸಭೆಯ ಒಳಮಾತಿನಲ್ಲಿ ಈ ನಂಬಿಕೆಯ ಸುಳಿವೂ ಕಾಣದು. ಅಭಿಷೇಕ, ಸಾಕ್ಷಿ, ಭಾರ, ಜಯ ಎಂಬ ಪದಗಳು ಅಭ್ಯಾಸಬಲದಿಂದ ಉರುಳುತ್ತವೆ. ಹೊರಗಿನಿಂದ ಬಂದವನಿಗೆ ಅವು ತಿಳಿಯವು, ಒಳಗಿನವನನ್ನು ಅವು ಎಚ್ಚರಿಸವು. ಅನ್ಯನೊಬ್ಬನು ಸಭೆಯೊಳಗೆ ಬಂದರೆ ನಿಮ್ಮನ್ನು ಹುಚ್ಚರೆಂದಾನು ಎಂದು ಪೌಲನು ಕೊರಿಂಥದವರನ್ನು ಎಚ್ಚರಿಸಿದ್ದು ಇದಕ್ಕಾಗಿಯೇ. ಅವನು ಬೇಡಿದ್ದು ಅನ್ಯನ ಹೃದಯದ ಗುಟ್ಟನ್ನು ಬಯಲಿಗೆ ತರುವಂಥ ಸ್ಪಷ್ಟವಾದ ಮಾತನ್ನು. ಅಂಥ ಮಾತಿನ ಮುಂದೆ ಹಳೆಯ ವಿಶ್ವಾಸಿಯ ಹೃದಯ ಮಾತ್ರ ಮುಚ್ಚಿಕೊಂಡಿರಲು ಸಾಧ್ಯವೆ?

ಆದುದರಿಂದ ಸಭಾಪಾಲಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಕ್ರಿಸ್ಮಸ್ ರಾತ್ರಿ, ದೇವಾಲಯವು ಅಪರಿಚಿತರಿಂದ ಕಿಕ್ಕಿರಿದಿರುವಾಗ, ಗೋದಲಿಯ ಕಥೆಯನ್ನು ಓದಿದ ಮೇಲೆ ಲೂಕನ ಹದಿನಾಲ್ಕನೆಯ ಅಧ್ಯಾಯದ ಆ ಬುರುಜಿನ ದೃಷ್ಟಾಂತವನ್ನೂ ಓದಿ, ಯಾವ ಸಭೆಯ ಪರಿಭಾಷೆಯೂ ಇಲ್ಲದ ಕನ್ನಡದಲ್ಲಿ ಇಪ್ಪತ್ತು ನಿಮಿಷ ವಿವರಿಸಿರಿ. ಮರುವಾರ, ತಮ್ಮವರೇ ಉಳಿದಿರುವ ಸಣ್ಣ ಆರಾಧನೆಯಲ್ಲಿ, ವರ್ಷವಿಡೀ ಗದರಿಕೆಯನ್ನೇ ಕೇಳಿ ದಣಿದಿರುವ ಆ ನಂಬಿಗಸ್ತರಿಗೆ ಮೇಲಂತಸ್ತಿನ ಕೋಣೆಯ ಸಾಂತ್ವನವನ್ನು ಹೇಳಿರಿ.