ಐರಿಷ್ ಭಾಷೆಯಲ್ಲಿ ‘ದ್ರೋಹಿ’: ಪದರಚನೆ ಮತ್ತು ಜನನಿಷ್ಠೆ

ಸಮುದಾಯವೊಂದು ಯಾರನ್ನು ದ್ರೋಹಿ ಎಂದು ಕರೆಯುತ್ತದೆ ಎಂಬುದು ಅದರ ನಿಷ್ಠೆ ಯಾರಿಗೆ ಸಲ್ಲುತ್ತದೆ ಎಂಬುದನ್ನು ಅವಲಂಬಿಸಿದೆ. ಐರಿಷ್ ಭಾಷೆಯಲ್ಲಿ ಈ ಅರ್ಥದ ಮೂರು ಮುಖ್ಯ ನಾಮಪದಗಳಿವೆ: ‘ಫ್ಯಾಲ್ತೋರ್’, ‘ಬ್ರಹದೋರ್’ ಮತ್ತು ‘ತ್ರೇತೂರ್’. ಇವುಗಳನ್ನು ಕೇವಲ ಸಮಾನಾರ್ಥಕಗಳೆಂದು ಪರಿಗಣಿಸಿದರೆ ಅವುಗಳ ಹಿಂದಿನ ಸಾಮಾಜಿಕ ಇತಿಹಾಸವೇ ಮರೆಯಾಗುತ್ತದೆ.

‘ಫ್ಯಾಲ್’ ಎಂದರೆ ವಂಚನೆ, ವಿಶ್ವಾಸಘಾತ. ಅದಕ್ಕೆ ಲ್ಯಾಟಿನ್ ಮೂಲದ ಕರ್ತೃಪ್ರತ್ಯಯ ಸೇರಿ ‘ಫ್ಯಾಲ್ತೋರ್’ ಆಗಿದೆ. ಕನ್ನಡದ ‘ಬೇಟೆ’ಗೆ ಸಂಸ್ಕೃತ ‘ಕಾರ’ದಿಂದ ಬಂದ ‘ಗಾರ’ ಸೇರಿ ‘ಬೇಟೆಗಾರ’ ಆಗುವುದನ್ನು ಇದಕ್ಕೆ ಹೋಲಿಸಬಹುದು. ದ್ರೋಹವು ದ್ರೋಹಿಯತ್ತಲೇ ಮರಳುತ್ತದೆ ಎಂಬ ಆಶಯದ ಐರಿಷ್ ಗಾದೆಯಲ್ಲಿ ‘ಫ್ಯಾಲ್’ ಪದವು ‘ಫಿಲನ್’ (ಮರಳುತ್ತದೆ) ಎಂಬ ಕ್ರಿಯಾಪದದೊಡನೆ ಪ್ರಾಸಗೊಂಡಿದೆ. ಈ ನಾದಸಾಮ್ಯವೇ ಗಾದೆಯ ನೀತಿಯನ್ನು ಜನರ ನೆನಪಿನಲ್ಲಿ ಉಳಿಸಿದೆ.

‘ಬ್ರಹದೋರ್’ ಪದದ ಮೂಲವು ಪ್ರಾಚೀನ ಐರಿಷ್‌ನ ‘ಮ್ರಥ್’. ಪದಾದಿಯ ‘ಮ್ರ’ ಕಾಲಾಂತರದಲ್ಲಿ ‘ಬ್ರ’ ಆಯಿತು. ಇದಕ್ಕೆ ಸಂಬಂಧಿಸಿದ ಇಂದಿನ ಕ್ರಿಯಾಪದಕ್ಕೆ ಗ್ರಹಿಸು, ಹೊಂಚಿ ನೋಡು, ಹಿಡಿದುಕೊಡು ಎಂಬ ಅರ್ಥಗಳಿವೆ. ಆದ್ದರಿಂದ ಬ್ರಹದೋರ್ ಒಳಗಿದ್ದುಕೊಂಡೇ ಸುಳಿವು ನೀಡುವವನು. ವ್ಯಾಕರಣದ ದೃಷ್ಟಿಯಿಂದ ಇದು ಪುಲ್ಲಿಂಗ, ಮೂರನೆಯ ವಿಭಕ್ತಿವರ್ಗಕ್ಕೆ ಸೇರಿದ್ದು. ಹೆಂಗಸನ್ನು ಸೂಚಿಸುವಾಗಲೂ ಲಿಂಗ ಬದಲಾಗದು. ಷಷ್ಠಿಯಲ್ಲಿ ‘ಬ್ರಹದೋರ’, ಬಹುವಚನದಲ್ಲಿ ‘ಬ್ರಹದೋರೀ’. ಸಂಬೋಧನೆಯಲ್ಲಿ ಆದಿಯ ‘ಬ’ಕಾರ ಮೃದುವಾಗಿ ‘ವ’ಕಾರದಂತೆ ಕೇಳಿಸುತ್ತದೆ. ಬೋಧಕ, ರೈತ ಮುಂತಾದ ವೃತ್ತಿಸೂಚಕ ಪದಗಳನ್ನು ಕಟ್ಟುವ ಪ್ರತ್ಯಯವರ್ಗವೇ ಇಲ್ಲಿಯೂ ಇದೆ. ಹೀಗಾಗಿ ಒಮ್ಮೆ ಎಸಗಿದ ಕೃತ್ಯವೂ ಭಾಷೆಯಲ್ಲಿ ಆ ವ್ಯಕ್ತಿಯ ಕಾಯಂ ಕಸುಬಾಗಿಬಿಡುತ್ತದೆ.

‘ತ್ರೇತೂರ್’ ಎರವಲು ಪದ. ಒಪ್ಪಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹೊರಟು, ಫ್ರೆಂಚ್ ಮತ್ತು ಇಂಗ್ಲಿಷ್‌ಗಳ ಸಂಪರ್ಕದಿಂದ ಐರಿಷ್‌ಗೆ ಬಂದಿದೆ. ಅದರ ಇಂಗ್ಲಿಷ್ ರೂಪಕ್ಕೆ ರಾಜದ್ರೋಹದ ಕಾನೂನಿನ ಬಲವಿತ್ತು. 1351ರ ಇಂಗ್ಲಿಷ್ ಶಾಸನದಡಿಯಲ್ಲಿಯೇ 1916ರಲ್ಲಿ ರೋಜರ್ ಕೇಸ್‌ಮೆಂಟ್‌ಗೆ ಮರಣದಂಡನೆ ವಿಧಿಸಲಾಯಿತು.

ಈ ಪದಗಳ ನಡುವಣ ಅಂತರವನ್ನು ಡಬ್ಲಿನ್‌ನಲ್ಲಿ 1803ರಲ್ಲಿ ನಡೆದ ರಾಬರ್ಟ್ ಎಮೆಟ್‌ನ ವಿಚಾರಣೆ ಸ್ಪಷ್ಟಪಡಿಸುತ್ತದೆ. ನ್ಯಾಯಾಲಯದ ದೃಷ್ಟಿಯಲ್ಲಿ ಎಮೆಟ್ ರಾಜದ್ರೋಹಿ, ಅವನನ್ನು ಗಲ್ಲಿಗೇರಿಸಲಾಯಿತು. ಅವನ ಪರವಾಗಿ ವಾದಿಸಿದ ಲೆನಾರ್ಡ್ ಮ್ಯಾಕ್‌ನಲಿಯಾದರೋ ಸರ್ಕಾರದಿಂದ ಹಣ ಪಡೆಯುತ್ತಿದ್ದ ಗುಪ್ತ ಮಾಹಿತಿದಾರ. 1820ರಲ್ಲಿ ಅವನು ತೀರಿಕೊಂಡ ಮೇಲಷ್ಟೇ ಈ ಸಂಗತಿ ಬಯಲಾಯಿತು. ಜನರ ಸ್ಮೃತಿಯಲ್ಲಿ ಎಮೆಟ್ ಹುತಾತ್ಮನಾಗಿ ಉಳಿದ. ಕಳಂಕ ತಟ್ಟಿದ್ದು ವಕೀಲನಿಗೆ.

ಒಂದೇ ನ್ಯಾಯಾಲಯದಲ್ಲಿ ಇಬ್ಬರು ‘ದ್ರೋಹಿ’ಗಳಿದ್ದರು: ಒಬ್ಬನು ಪ್ರಭುತ್ವದ ಪಾಲಿಗೆ, ಮತ್ತೊಬ್ಬನು ಜನರ ಪಾಲಿಗೆ. ಇಂತಹ ಪದಕ್ಕೆ ಅರ್ಥ ಕೊಡುವ ನಿಘಂಟುಕಾರನಾಗಲಿ ಜಾನಪದ ಸಂಶೋಧಕನಾಗಲಿ ದ್ರೋಹ ಬಗೆದವರಾರು ಎಂದು ಕೇಳಿದರೆ ಸಾಲದು. ಯಾರಿಗೆ ಬಗೆದ ದ್ರೋಹ ಎಂದೂ ಕೇಳಬೇಕಾಗುತ್ತದೆ.