ಘಟಕಪರೀಕ್ಷೆಯೂ ಅತಿಥಿಭಾಷೆಯೂ: ಒಂದು ವಿಮರ್ಶೆ

ಪ್ರೋಗ್ರಾಮಿನ ಒಂದೊಂದು ಸಣ್ಣ ಭಾಗವನ್ನೂ ಬೇರೆಬೇರೆಯಾಗಿ ಒರೆಗೆ ಹಚ್ಚುವ ಕ್ರಮಕ್ಕೆ ಘಟಕಪರೀಕ್ಷೆಯೆಂದು ಹೆಸರು. ಪೈಥಾನಿನಂತಹ ಡೈನಮಿಕ್ ಭಾಷೆಗಳಲ್ಲಿ ಮೌಲ್ಯವೊಂದರ ಜಾತಿಯು ಪ್ರೋಗ್ರಾಮು ನಡೆಯುವಾಗಲೇ ನಿರ್ಣಯವಾಗುವುದರಿಂದ, ಕಂಪೈಲರಿನ ಕಾವಲನ್ನು ಪರೀಕ್ಷೆಯೇ ನಿರ್ವಹಿಸಬಲ್ಲುದೆಂದು ಹಲವರ ಮತ. ಇದರಲ್ಲಿ ಸತ್ಯಾಂಶವುಂಟಾದರೂ ಇದು ಪೂರ್ಣಸತ್ಯವಲ್ಲವೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಪದ್ಧತಿಯ ಜೆಯೂನಿಟ್ ಮಾದರಿಯ ಚೌಕಟ್ಟುಗಳ ತವರೂ ಡೈನಮಿಕ್ ಭಾಷೆಯೇ. ಕೆಂಟ್ ಬೆಕ್ ಅವರು ಸ್ಮಾಲ್‌ಟಾಕ್ ಭಾಷೆಗೆ ರಚಿಸಿದ ಎಸ್‌ಯೂನಿಟ್ಟಿನ ಮಾದರಿಯಲ್ಲಿ, 1997ರಲ್ಲಿ ಎರಿಕ್ ಗಾಮಾ ಅವರೊಡಗೂಡಿ ಜಾವಾಕ್ಕೆ ಜೆಯೂನಿಟ್ಟನ್ನು ನಿರ್ಮಿಸಿದರು. ಅದೇ ವರ್ಷ ಜಿಮ್ ಹ್ಯೂಗುನಿನ್ ಅವರು ಜಾವಾದ ಚಾಲನಾವ್ಯವಸ್ಥೆಯ ಮೇಲೆ ಪೈಥಾನನ್ನು ನಡೆಸುವ ಕಾರ್ಯಕ್ಕೆ ಕೈಯಿಟ್ಟರು. ಇಂದಿನ ಜೈಥಾನ್ ಅದರ ಫಲ. ಜೆಯೂನಿಟ್ ಸಾಮಾನ್ಯವಾಗಿ ಮೊದಲೇ ಕಂಪೈಲಾದ ಜಾವಾ ವರ್ಗಗಳಲ್ಲಿ ಪರೀಕ್ಷೆಗಳನ್ನು ಹುಡುಕುತ್ತದೆ. ಜೈಥಾನಿನ ವರ್ಗಗಳಾದರೋ ನಡೆಯುವಾಗ ರೂಪುಗೊಳ್ಳತಕ್ಕವು. ಆದುದರಿಂದ 2001ರಲ್ಲಿ ಪೈಥಾನಿನೊಳಗೇ ಸೇರಿದ ಯೂನಿಟ್‌ಟೆಸ್ಟ್ ಇಲ್ಲಿ ಹೆಚ್ಚು ಹೊಂದುತ್ತದೆ.

ಆದರೆ ಚೌಕಟ್ಟು ಹೊಂದಿದ ಮಾತ್ರಕ್ಕೆ ಪರೀಕ್ಷೆ ಸಾರ್ಥಕವಾಗದು. ಪುಷ್ಕರಣಿಗೆ ಪ್ರಸಿದ್ಧವಾದ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಓದುವವನಿಗೆ ಇದು 5 ಅಕ್ಷರಗಳ ಪದ. ಯೂನಿಕೋಡಿನಲ್ಲಿ ಇದಕ್ಕೆ 12 ಸಂಕೇತಗಳು. 'ತೇ'ಯ ದೀರ್ಘಚಿಹ್ನೆಯನ್ನು ಬಿಡಿಸಿ ಬರೆದರೆ 13. ಯುಟಿಎಫ್-8ರ ಕ್ರಮದಲ್ಲಿ ಆ 12 ಸಂಕೇತಗಳು 36 ಬೈಟುಗಳಾಗುತ್ತವೆ. ಜೈಥಾನ್ 2.7ರಲ್ಲಿ ಜಾವಾದ ಕಡೆಯಿಂದ ಬಂದ ಈ ಹೆಸರಿನ ಉದ್ದ 12. ಅದೇ ಹೆಸರನ್ನು ಪೈಥಾನಿನ ಸಾಧಾರಣ ಪದವಾಗಿ ಬರೆದರೆ 36. ಎರಡನ್ನೂ ಹೋಲಿಸಿದರೆ ಸಮವಲ್ಲವೆಂಬ ಉತ್ತರ ಬರುತ್ತದೆ. ರೋಮನ್ ಲಿಪಿಯಲ್ಲಿ ಆರಕ್ಷರದ 'ಮೈಸೂರ್' ಪದವನ್ನಿಟ್ಟು ಪರೀಕ್ಷಿಸಿದವನಿಗೆ ಎಲ್ಲೆಡೆಯೂ ಆರೇ ದೊರೆತು, ಪರೀಕ್ಷೆಗಳೆಲ್ಲ ತೇರ್ಗಡೆಯಾಗುವುವು. ಆ ಪ್ರೋಗ್ರಾಮಿನ ಪಟ್ಟಿಯಲ್ಲಿ ಸಂತೇಬೆನ್ನೂರಿನ ವಿದ್ಯಾರ್ಥಿಯು ತನ್ನ ಊರನ್ನು ಹುಡುಕಿದರೆ, ಊರು ಪಟ್ಟಿಯಲ್ಲಿದ್ದೂ ಇಲ್ಲವಾಗುತ್ತದೆ.

ದೋಷವು ಚೌಕಟ್ಟಿನದಲ್ಲ. ಪರೀಕ್ಷೆಯು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಕೇಳದೆ ಬಿಟ್ಟುದರ ವಿಷಯದಲ್ಲಿ ಮೌನವಾಗಿರುತ್ತದೆ. ಅತಿಥಿಭಾಷೆಯ ಪ್ರೋಗ್ರಾಮನ್ನು ಅದು ಮುಂದೆ ನಡೆಯಬೇಕಾದ ವ್ಯವಸ್ಥೆಯ ಮೇಲೆಯೇ ಪರೀಕ್ಷಿಸಬೇಕು. ಎರಡು ಭಾಷೆಗಳು ಸಂಧಿಸುವ ಎಡೆಯನ್ನು ಮುಖ್ಯವಾಗಿ ನೋಡಬೇಕು. ಪದಗಳನ್ನು ಒಂದೇ ಯೂನಿಕೋಡ್ ರೂಪಕ್ಕೆ ತಂದ ಬಳಿಕವೇ ಹೋಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಪರೀಕ್ಷೆಗಿಡುವ ಮೊದಲ ಪದ ಕನ್ನಡದ್ದಾಗಿರಲೆಂಬುದು ನಮ್ಮ ಅಭಿಮತ.